ಒನ್ ಸ್ಟಾಪ್ ಸೆಂಟರ್‌ಗೆ ಹೋಗಬಹುದಾ ಅಂತ ಕೇಳುವವರಿಗೆ

ಕಳೆದ ಶ್ರಾವಣದಲ್ಲಿ ಪಕ್ಕದ ಮನೆಯ ಹುಡುಗಿಯನ್ನು ಕರೆದುಕೊಂಡು ನಮ್ಮ ಜಿಲ್ಲೆಯ ಒನ್ ಸ್ಟಾಪ್ ಸೆಂಟರ್‌ಗೆ ಹೋಗಿದ್ದೆ. ಹಿಂಸೆಗೆ ಒಳಗಾದ ಹೆಂಗಸರಿಗೆ ಒಂದೇ ಕಡೆ ನೆರವು ಕೊಡುವ ಸರ್ಕಾರಿ ಕೇಂದ್ರ ಅದು. ಹುಡುಕಿದರೆ ವಿಳಾಸ ಸಿಗುತ್ತದೆ, ಒಳಗೆ ಏನು ನಡೆಯುತ್ತದೆ ಅಂತ ಯಾರೂ ಬರೆದಿರಲಿಲ್ಲ. ಅದಕ್ಕೇ ಇದು.

ಮೊದಲು ಹೋಗಿದ್ದು ಸ್ಟೇಷನ್‌ಗೆ. ಅಲ್ಲಿ ಕೂತಿದ್ದವರು "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಮನೆಗೆ ಹೋಗಮ್ಮ" ಅಂದರು. ಅವಳ ಎಡಗೈ ಊದಿತ್ತು, ಬಳೆ ಒಡೆದು ಚುಚ್ಚಿದ ಜಾಗದಲ್ಲಿ ರಕ್ತ ಒಣಗಿತ್ತು. ಆ ಗಾದೆ ಕೇಳಿ ಅವಳು ನಿಜವಾಗಿಯೂ ಎದ್ದು ಹೊರಟೇ ಬಿಟ್ಟಳು. ಹೊರಗೆ ಬೇವಿನ ಮರದ ಕೆಳಗೆ ತಡೆದು ನಿಲ್ಲಿಸಿ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದೆ. ಎರಡನೇ ಸಲಕ್ಕೆ ಎತ್ತಿದರು, ಸೆಂಟರ್ ಎಲ್ಲಿದೆ ಅಂತ ಅವರೇ ಹೇಳಿದರು.

ಸೆಂಟರ್‌ನ ಆಪ್ತ ಸಮಾಲೋಚಕಿ ಟೇಬಲ್ ಬಿಟ್ಟು ಬಂದು ಇವಳ ಪಕ್ಕದ ಕುರ್ಚಿಯಲ್ಲಿ ಕೂತರು. ಒಂದು ಲೋಟ ನೀರು ಕೊಟ್ಟು "ನಿನಗೇನು ಬೇಕು?" ಅಂತ ಕೇಳಿದರು. ಅವಳಿಗೆ ಉತ್ತರ ಹೊಳೆಯಲಿಲ್ಲ, ಯಾರೂ ಯಾವತ್ತೂ ಕೇಳಿರಲಿಲ್ಲ ಅಲ್ವಾ. ಸುಮಾರು ಹೊತ್ತಾದ ಮೇಲೆ "ಹೊಡೀಬಾರದು ಅಷ್ಟೇ. ಮನೆ ಬಿಡಲ್ಲ" ಅಂದಳು. ಆಮೇಲೆ ಮೆಲ್ಲಗೆ "ತಪ್ಪು ನಂದೂ ಇತ್ತು, ಅತ್ತೆಗೆ ಎದುರು ಮಾತಾಡಿದೆ" ಅಂತ ಸೇರಿಸಿದಳು.

ನನಗೆ ಹೊಟ್ಟೆ ಉರಿದಿದ್ದು ಅಲ್ಲೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದ ಕರ್ನಾಟಕದ ಹೆಂಗಸರು 2015-16ರಲ್ಲಿ ಶೇ. 20.6 ಇದ್ದರು, ಮುಂದಿನ ಸಮೀಕ್ಷೆಯಲ್ಲಿ 44.4 ಆದರು. ದೇಶದಲ್ಲೇ ಜಾಸ್ತಿ. ಲಾಕ್‌ಡೌನ್ ಕಾರಣ ಅನ್ನುವವರಿದ್ದಾರೆ, ಆದರೆ ನಮ್ಮ ರಾಜ್ಯದಲ್ಲಿ ಆ ಸಮೀಕ್ಷೆ 2019ರಲ್ಲೇ ಮುಗಿದಿತ್ತು. ಹೇಳಿಕೊಳ್ಳುವ ಧೈರ್ಯ ಬಂದಿರಬಹುದು, ಅದು ನಿಜವಾದರೆ ಒಳ್ಳೆಯದೇ. ಆದರೆ ಅದೇ ಸಮೀಕ್ಷೆಯಲ್ಲಿ ಒಂದಲ್ಲ ಒಂದು ಕಾರಣಕ್ಕೆ ಗಂಡ ಹೊಡೆದರೆ ಸರಿ ಅಂದ ನಮ್ಮ ಹೆಂಗಸರು ಶೇ. 76.9, ಗಂಡಸರು 81.9. ಅತ್ತೆ ಮಾವನಿಗೆ ಮರ್ಯಾದೆ ಕೊಡದಿರುವುದೂ ಅಂಥ ಒಂದು ಕಾರಣ. ಇವಳ ಗಂಡ ಕುಡಿಯುತ್ತಾನೆ, ಗಾಡಿ ಸಾಲ ಇದೆ, ಇವಳ ಸಂಬಳದ ಎಟಿಎಂ ಕಾರ್ಡ್ ಅವನ ಜೇಬಲ್ಲಿದೆ. ಎಲ್ಲ ಹೌದು. ಆದರೆ ಏಟು ತಿಂದವಳೇ ತಪ್ಪು ನಂದು ಅಂದರೆ ಯಾವ ಬಾಗಿಲಿಗೆ ಹೋಗಿ ದೂರು ಕೊಡುತ್ತಾಳೆ?

ಸಮಾಲೋಚಕಿ ವಾದ ಮಾಡಲಿಲ್ಲ. ಮನೆ ಅತ್ತೆಯ ಹೆಸರಲ್ಲಿದ್ದರೂ ಅವರಾಗೇ ನಿನ್ನನ್ನು ಹೊರಗೆ ಹಾಕುವ ಹಾಗಿಲ್ಲ, 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇದೆ, ಕೋರ್ಟು ರಕ್ಷಣಾ ಆದೇಶ ಕೊಟ್ಟ ಮೇಲೆ ಮತ್ತೆ ಹೊಡೆದರೆ ಒಂದು ವರ್ಷದ ತನಕ ಜೈಲಾಗಬಹುದು ಅಂತ ಬಿಡಿಸಿ ಹೇಳಿದರು. ಕೈಯ ಗಾಯವನ್ನು ಅವತ್ತೇ ಡಾಕ್ಟರ್ ಹತ್ತಿರ ಬರೆಸಿದರು. ಉಳಿಯಲು ಜಾಗವಿಲ್ಲದವರಿಗೆ ಐದು ದಿನದವರೆಗೆ ಅಲ್ಲೇ ಇರಲು ಅವಕಾಶ ಇದೆ.

ಕೊರತೆಯೂ ಹೇಳಬೇಕು. ಹಿಂಸೆ ನಡೆದದ್ದನ್ನು ದಾಖಲಿಸುವ ವರದಿಯ ಫಾರಂ ಕೋರ್ಟು ಕನ್ನಡದಲ್ಲಿದೆ, ಏಳನೇ ಕ್ಲಾಸ್ ಓದಿದವಳಿಗೆ ಒಂದು ಸಾಲೂ ಅರ್ಥವಾಗಲಿಲ್ಲ, ಸಹಿ ಹಾಕುವ ಮೊದಲು ನಾನೇ ಕೂತು ಓದಿ ಹೇಳಿದೆ. ಹಾಗಾಗಿ ಒಬ್ಬರೇ ಹೋಗಬೇಡಿ. ರಾತ್ರಿ ಇದ್ದವರು ಒಬ್ಬರೇ ಸಿಬ್ಬಂದಿ. ಕಾಯ್ದೆ ಪ್ರಕಾರ ಕೋರ್ಟಿಗೆ ಅರ್ಜಿ ಹೋದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು, ಇವಳಿಗೆ ತಾರೀಖು ಸಿಕ್ಕಿದ್ದು ತಿಂಗಳು ಕಳೆದ ಮೇಲೆ. ಅದು ಸೆಂಟರಿನ ತಪ್ಪಲ್ಲ, ಆದರೂ ಆ ಒಂದು ತಿಂಗಳು ಅವಳು ಅದೇ ಮನೆಯಲ್ಲಿ ಅಡುಗೆ ಮಾಡಿಕೊಂಡಿರಬೇಕಾಯಿತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಆಧಾರ್, ರೇಷನ್ ಕಾರ್ಡ್, ಮದುವೆ ಫೋಟೋ ಇದ್ದರೆ ಹಿಡಿದುಕೊಳ್ಳಿ, ಇಲ್ಲದಿದ್ದರೂ ಹೋಗಿ. 181 ಹಗಲು ರಾತ್ರಿ ಇರುತ್ತದೆ. ನಿಮ್ಮ ಫೋನ್ ಗಂಡನ ಕೈಯಲ್ಲಿದ್ದರೆ ಪಕ್ಕದ ಮನೆಯವರದ್ದು ಕೇಳಿ, ಕೊಡುತ್ತೇವೆ.