ಮೈನಸ್ ಹದಿನೈದರಲ್ಲಿ ಗ್ಯಾಸೋ, ಡೀಸೆಲ್ಲೋ?

ಮ್ಯೂನಿಕ್‌ನಿಂದ ಇಟಲಿಯ ಲಿವಿನ್ಯೊಗೆ ಎರಡು ಚಳಿಗಾಲ ಹೋಗಿಬಂದೆವು, ಎರಡೂ ಸಲ ಬಾಡಿಗೆ ಮೋಟಾರ್‌ಹೋಮ್‌ನಲ್ಲಿ, ಅಂದರೆ ಒಳಗೇ ಅಡುಗೆ ಮಾಡಿಕೊಂಡು ಮಲಗುವ ಗಾಡಿಯಲ್ಲಿ. ಮೊದಲನೆಯದರಲ್ಲಿ ಗ್ಯಾಸ್ ಹೀಟರ್, ಎರಡನೆಯದರಲ್ಲಿ ಡೀಸೆಲ್. ಊರು 1,816 ಮೀಟರ್ ಎತ್ತರದಲ್ಲಿದೆ. ನಾವಿದ್ದಾಗ ರಾತ್ರಿ ಮೈನಸ್ 15ಕ್ಕೆ ಇಳಿಯುತ್ತಿತ್ತು. ಹೀಟರ್ ಹಣೆಬರಹ ನೋಡೋಕೆ ಇನ್ನೆಂಥ ಜಾಗ ಬೇಕು?

ಗ್ಯಾಸ್ ಹೀಟರ್ ಮೊದಲ ದಿನವೇ ಮನಸ್ಸು ಗೆದ್ದಿತು. ಬಟನ್ ಒತ್ತಿದರೆ ಫ್ಯಾನ್ ಮೆಲ್ಲಗೆ ಗುಂಯ್ ಅನ್ನುತ್ತದೆ, ಅಷ್ಟೇ. ವಾಸನೆ ಇಲ್ಲ, ಬ್ಯಾಟರಿಯನ್ನೂ ಜಾಸ್ತಿ ತಿನ್ನುವುದಿಲ್ಲ. ಒಲೆ, ಬಿಸಿನೀರು, ಫ್ರಿಜ್ ಎಲ್ಲ ಅದೇ ಸಿಲಿಂಡರಿನಲ್ಲಿ ನಡೆಯುತ್ತವೆ.

ತಲೆನೋವು ಸಿಲಿಂಡರಿನದೇ. 11 ಕಿಲೋದ್ದು ಅಲ್ಲಿ ಮೂರು ದಿನ ಬಂದರೆ ಹೆಚ್ಚು. ನಮ್ಮದು ಮುಗಿದದ್ದು ಬೆಳಗಿನ ಜಾವ ಮೂರಕ್ಕೆ. ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಹೊರಗೆ ಹೋದೆ. ರೆಗ್ಯುಲೇಟರಿನ ನಟ್ಟು ಉಲ್ಟಾ ಥ್ರೆಡ್‌ದು. ನಿದ್ದೆಗಣ್ಣಿನಲ್ಲಿ ಬಿಚ್ಚುತ್ತಿದ್ದೇನೆ ಅಂದುಕೊಂಡು ಐದು ನಿಮಿಷ ಅದನ್ನು ಬಿಗಿ ಮಾಡುತ್ತಿದ್ದೆ! ಊರಲ್ಲಿ ಅಮ್ಮ ಸಿಲಿಂಡರಿಗೆ ಒದ್ದೆ ಬಟ್ಟೆ ಒರೆಸಿ, ಪಸೆ ಎಲ್ಲಿವರೆಗೆ ಆರದೆ ನಿಲ್ಲುತ್ತದೆ ಅಂತ ನೋಡಿ, ಗ್ಯಾಸ್ ಎಷ್ಟಿದೆ ಅಂತ ಹೇಳುತ್ತಿದ್ದರು. ಇಲ್ಲಿ ಬಟ್ಟೆಯೇ ಸಿಲಿಂಡರಿಗೆ ಅಂಟಿ ಹೆಪ್ಪುಗಟ್ಟುತ್ತದೆ.

ಇನ್ನೊಂದು ವಿಷಯ. ಚಳಿಗೆ ಪ್ರೊಪೇನ್ ಮಾತ್ರ ಆಗುತ್ತದೆ. ಅದು ಮೈನಸ್ 42ರಲ್ಲೇ ಕುದಿಯುತ್ತದೆ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗದೆ ಸುಮ್ನೆ ಕೂತುಬಿಡುತ್ತದೆ. ಅದೂ ಸಾಲದು ಅಂತ, ನಮ್ಮ ಜರ್ಮನ್ ಖಾಲಿ ಸಿಲಿಂಡರನ್ನು ಆ ಊರಲ್ಲಿ ಯಾರೂ ಬದಲಿಸಿ ಕೊಡಲಿಲ್ಲ. ಎರಡನೆಯದು ಮುಗಿಯುವ ಮೊದಲೇ ಗಂಟುಮೂಟೆ ಕಟ್ಟಿದೆವು.

ಮರುವರ್ಷ ಡೀಸೆಲ್. ಗಾಡಿಯ ಟ್ಯಾಂಕಿನಿಂದಲೇ ಕುಡಿಯುತ್ತದೆ. ನಮ್ಮ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ಲೀಟರ್ ಆಸುಪಾಸು. ಲಿವಿನ್ಯೊ ತೆರಿಗೆ ವಿನಾಯಿತಿ ಇರುವ ಊರು, ಅಲ್ಲಿ ಡೀಸೆಲ್ ಅಗ್ಗ. ಅಲ್ಲೇ ತುಂಬಿಸಿದರೆ ಆ ಚಳಿಗೆ ಗಟ್ಟಿಯಾಗದ ಡೀಸೆಲ್ಲೇ ಸಿಗುತ್ತದೆ. ಕೆಳಗಿನ ಬೆಚ್ಚಗಿನ ಊರಲ್ಲಿ ತುಂಬಿಸಿಕೊಂಡು ಬಂದವರಿಗೆ ಆ ಭರವಸೆ ಇಲ್ಲ. ಟ್ಯಾಂಕ್ ತೀರಾ ಕೆಳಗಿಳಿದರೆ ಹೀಟರಿಗೆ ಡೀಸೆಲ್ ಸಿಗುವುದಿಲ್ಲ, ಅದರ ಪೈಪನ್ನು ಬೇಕೆಂದೇ ಮೇಲೆ ಇಟ್ಟಿರುತ್ತಾರೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಬೇಕಲ್ವಾ?

ಆದರೆ ಸದ್ದು! ಹೀಟರಿಗೆ ಡೀಸೆಲ್ ಕಳಿಸುವ ಪಂಪು ರಾತ್ರಿಯಿಡೀ ಟಿಕ್, ಟಿಕ್, ಟಿಕ್. ಹೀಟರ್ ಹೊತ್ತಿಕೊಳ್ಳುವಾಗ, ಡೀಸೆಲ್‌ಗೆ ಕಿಡಿ ಹೊತ್ತಿಸಲು ಕೆಂಪಗೆ ಕಾಯುವ ಗ್ಲೋ ಪ್ಲಗ್ ಬ್ಯಾಟರಿಯಿಂದ ಕೆಲವು ನಿಮಿಷ ಎಂಟು-ಹತ್ತು ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಹಳೆಯದಾದರೆ ಕತೆ ಮುಗಿಯಿತು. ಎತ್ತರದಲ್ಲಿ ಗಾಳಿ ತೆಳು, ಅದಕ್ಕೆ ತಕ್ಕಂತೆ ಉರಿಸುವ ಹೈ ಆಲ್ಟಿಟ್ಯೂಡ್ ಸೆಟ್ಟಿಂಗ್ ಇಲ್ಲದಿದ್ದರೆ ಹೀಟರ್ ಒಳಗೆ ಮಸಿ ಕಟ್ಟುತ್ತದೆ. ನಾನು ಅದನ್ನು ಹಾಕೋದು ಮರೆತಿದ್ದೆ. ಹೊಗೆ ಪಕ್ಕದ ಗಾಡಿಯವರ ಕಿಟಕಿಗೆ ನೇರ ಹೋಗಿ, ಅಜ್ಜ ಒಬ್ಬರು ಪೈಜಾಮಾದಲ್ಲೇ ಬಂದು ಬಾಗಿಲು ತಟ್ಟಿದರು.

ಗ್ಯಾಸಾಗಲಿ, ಡೀಸೆಲ್ಲಾಗಲಿ, ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಸೇರಿಕೊಂಡರೆ ಕೂಗುವ ಅಲಾರಂ ಇಲ್ಲದೆ ನಾನಂತೂ ಮಲಗುವುದಿಲ್ಲ.

ವಾರಾಂತ್ಯಕ್ಕೆ ಹೋಗಿ ಬರುವವರಿಗೆ ಗ್ಯಾಸೇ ಚೆನ್ನ. ವಾರಗಟ್ಟಲೆ ಊರೂರು ಸುತ್ತುವ ನಮ್ಮಂಥವರಿಗೆ ಡೀಸೆಲ್, ಜೊತೆಗೆ ಒಲೆಗೊಂದು ಸಣ್ಣ ಸಿಲಿಂಡರ್. ಈಗ ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕುತ್ತಿದ್ದೇವೆ. ಡೀಸೆಲ್ ಹೀಟರ್ ಇರಲೇಬೇಕು ಅಂತ ನಾನು. ಪಂಪು ಹಾಸಿಗೆ ಕೆಳಗಿರಬಾರದು ಅಂತ ನನ್ನ ಹೆಂಡತಿ.