ಸಣ್ಣ ಉರಿ ಇಲ್ಲದ ಒಲೆ

ಬೇಗ ಬಿಸಿ ಮಾಡುವುದರಲ್ಲಿ ಇಂಡಕ್ಷನ್ ಒಲೆಯನ್ನು ಮೀರಿಸುವುದು ಕಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದೆ ಬೈಗುಳ ಜಾಸ್ತಿ ಇದೆ.

ಮತ್ತಿಕೆರೆಯಲ್ಲಿ ಮೂರನೇ ಮಹಡಿಯ ಒಂದು ರೂಮು, ಅದಕ್ಕೆ ಅಂಟಿಕೊಂಡ ಪುಟ್ಟ ಅಡುಗೆಮನೆ. ಇರುವುದು ನಾನು, ನನ್ನ ತಮ್ಮ. ಸಿಲಿಂಡರ್ ಮೇಲಕ್ಕೆ ಹತ್ತಿಸುವ ಹಾಗಿಲ್ಲ ಅಂತ ಓನರ್ ಆಂಟಿ ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಹೇಳಿದ್ದರು. ವಿಳಾಸದ ದಾಖಲೆ ಇಲ್ಲದೆಯೂ ಸಿಗುವ 5 ಕೆಜಿಯ ಸಣ್ಣ ಸಿಲಿಂಡರ್ ಇದೆಯಲ್ಲ, ಅದಕ್ಕೂ ಒಪ್ಪಲಿಲ್ಲ. ಸರಿ ಅಂತ ಒಂದು ಇಂಡಕ್ಷನ್ ಒಲೆ, ಒಂದು ಲೀಟರಿನ ಎಲೆಕ್ಟ್ರಿಕ್ ರೈಸ್ ಕುಕ್ಕರ್, ಒಂದು ಕೆಟಲ್ ತಂದೆವು. ಮೂರೂ ಸೇರಿ ಐದು ಸಾವಿರದ ಒಳಗೇ ಮುಗಿಯಿತು. ಎರಡು ವರ್ಷದ ಮೇಲಾಯಿತು, ಮನೆಯ ಅಡುಗೆಯೆಲ್ಲ ಇವುಗಳಲ್ಲೇ. ಎಷ್ಟು ವಾಟ್, ಎಷ್ಟು ಬಟನ್ ಅನ್ನುವುದೆಲ್ಲ ಡಬ್ಬದ ಮೇಲೇ ಇರುತ್ತದೆ, ಅದನ್ನು ಬಿಡುತ್ತೇನೆ. ಕಂಪನಿ ಹೆಸರೂ ಬೇಡ. ನನ್ನ ಸ್ನೇಹಿತರ ರೂಮುಗಳಲ್ಲಿ ಈ ಬೆಲೆಯ ಬೇರೆ ಬೇರೆ ಒಲೆಗಳಿವೆ, ಎಲ್ಲದಕ್ಕೂ ಇದೇ ಕಾಯಿಲೆ.

ಕಾಯಿಲೆ ಏನು ಅಂದರೆ, ಇದಕ್ಕೆ ಸಣ್ಣ ಉರಿ ಗೊತ್ತಿಲ್ಲ.

ಬೆಳಿಗ್ಗೆ ಅರ್ಧ ಲೀಟರ್ ನಂದಿನಿ ಹಾಲು. ಪಾತ್ರೆಗೆ ಮೊದಲು ಚೂರು ನೀರು ಹಾಕಿ ಒಂದು ಸುತ್ತು ಅಲ್ಲಾಡಿಸಿ, ಮೇಲೆ ಹಾಲು ಸುರಿದು, ಖಾಲಿ ಪ್ಯಾಕೆಟ್‌ಗೂ ಒಂದು ಗುಟುಕು ನೀರು ಬಿಟ್ಟು ತೊಳೆದು ಅದನ್ನೂ ಸೇರಿಸುವುದು ಅಮ್ಮನಿಂದ ಬಂದ ಪದ್ಧತಿ. ಒಲೆ ಹಚ್ಚಿದರೆ ಮೂರು ನಾಲ್ಕು ನಿಮಿಷಕ್ಕೆಲ್ಲ ಅಂಚಿನಲ್ಲಿ ಗುಳ್ಳೆ ಬರುತ್ತದೆ. ಇನ್ನು ಉರಿ ಇಳಿಸಬೇಕು ಅಲ್ವಾ? ಇಳಿಸುತ್ತೇನೆ. ಪ್ಯಾನೆಲ್ 300 ಅಂತ ತೋರಿಸುತ್ತದೆ. ಆದರೆ ಒಳಗೆ ನಡೆಯುವುದೇ ಬೇರೆ. ಐದಾರು ಸೆಕೆಂಡ್ ಗುಂಯ್ ಅಂತ ಜೋರಾಗಿ ಕಾಯಿಸುತ್ತದೆ, ಆಮೇಲೆ ಸುಮ್ನೆ ಕೂರುತ್ತದೆ, ಮತ್ತೆ ಗುಂಯ್. ಈ ಅಗ್ಗದ ಒಲೆಗಳ ಸರ್ಕ್ಯೂಟ್ ಒಂದು ಮಟ್ಟಕ್ಕಿಂತ ಕೆಳಗೆ ಒಂದೇ ಸಮನೆ ಓಡುವುದಿಲ್ಲ. ಅದಕ್ಕೇ ಜೋರು ಉರಿಯನ್ನೇ ಬಿಟ್ಟು ಬಿಟ್ಟು ಕೊಟ್ಟು 300ರ ಲೆಕ್ಕ ಸರಿದೂಗಿಸುತ್ತದೆ. ಸರಾಸರಿಗೆ 300 ವಾಟ್ ನಿಜವೇ. ಹಾಲಿಗೆ ಸರಾಸರಿ ಅರ್ಥವಾಗುವುದಿಲ್ಲ. ಗುಂಯ್ ಅಂದಾಗ ಕಂಠದವರೆಗೆ ಏಳುತ್ತದೆ, ನಿಂತಾಗ ಇಳಿಯುತ್ತದೆ, ಮೂರನೇ ಸಲಕ್ಕೆ ಉಕ್ಕಿ ಗಾಜಿನ ಮೇಲೆ ಹರಿಯುತ್ತದೆ. ಹರಿಯುವುದೂ ನೇರ ಟಚ್ ಬಟನ್ ಕಡೆಗೇ. ಬಟನ್ ಒದ್ದೆಯಾದರೆ ನಮ್ಮ ಬೆರಳು ಅದಕ್ಕೆ ಗೊತ್ತಾಗುವುದಿಲ್ಲ. ನಾನು ಒತ್ತುತ್ತಲೇ ಇರುತ್ತೇನೆ, ಅದು ಬೀಪ್ ಬೀಪ್ ಅನ್ನುತ್ತಲೇ ಇರುತ್ತದೆ. ಕೊನೆಗೆ ಗೋಡೆಯ ಸ್ವಿಚ್ಚೇ ಗತಿ. ಆ ಸದ್ದಿಗೆ ನೈಟ್ ಶಿಫ್ಟ್ ಮುಗಿಸಿ ಮಲಗಿರುವ ತಮ್ಮ ಎದ್ದು, "ಅಣ್ಣಾ, ಇವತ್ತೂನಾ?" ಅನ್ನುತ್ತಾನೆ.

ಹಾಲು ಬಿಡಿ, ಎದುರಿಗೆ ನಿಂತು ಕಾಯಬಹುದು. ಗೊಜ್ಜು, ಹುಳಿ, ಪಾಯಸದಂಥ ಗಟ್ಟಿ ಪದಾರ್ಥಕ್ಕೆ ಏನು ಮಾಡುವುದು? ಸಣ್ಣ ಉರಿಯಲ್ಲಿ ಹದಕ್ಕೆ ಬರಬೇಕಾದದ್ದೆಲ್ಲ ಇಲ್ಲಿ ತಳ ಹಿಡಿಯುತ್ತದೆ. ತಿಳಿಸಾರಿಗೆ ತೊಂದರೆ ಇಲ್ಲ, ಎಷ್ಟು ಕುದಿದರೂ ನಡೆಯುತ್ತದೆ. ಒಗ್ಗರಣೆ ಇನ್ನೊಂದು ಕಥೆ. ಒಗ್ಗರಣೆ ಸೌಟಿನ ತಳ ತೀರಾ ಚಿಕ್ಕದು. ಕಬ್ಬಿಣದ್ದೇ ಆದರೂ ಅಲ್ಲಿ ಪಾತ್ರೆ ಇದೆ ಅಂತಲೇ ಒಲೆ ಒಪ್ಪುವುದಿಲ್ಲ. ಹಾಗಾಗಿ ಬಾಣಲೆಯಲ್ಲಿ ಮೊದಲು ಒಗ್ಗರಣೆ, ಅದರ ಮೇಲೆ ಸಾರು. ರುಚಿಯಲ್ಲಿ ವ್ಯತ್ಯಾಸ ಇದೆ ಅಂತ ಅಮ್ಮ. ನನಗೂ ಹೌದು ಅನ್ನಿಸುತ್ತದೆ. ಹಪ್ಪಳ ಸುಡುವುದು, ಬದನೆಕಾಯಿ ಸುಟ್ಟು ಗೊಜ್ಜು ಮಾಡುವುದಂತೂ ಮರೆತೇಬಿಡಿ.

ಪಾತ್ರೆಗಳ ವಿಷಯ ನಿಮಗೆ ಗೊತ್ತಿರುತ್ತದೆ. ಒಲೆಯೊಳಗಿನ ತಾಮ್ರದ ಸುರುಳಿ ಪಾತ್ರೆಯ ತಳದಲ್ಲೇ ಕರೆಂಟ್ ಹುಟ್ಟಿಸಿ ಕಾಯಿಸುತ್ತದೆ, ಆಯಸ್ಕಾಂತ ಹಿಡಿಯುವ ತಳವೇ ಬೇಕು. ಅಮ್ಮ ಕೊಟ್ಟು ಕಳಿಸಿದ ಅಲ್ಯೂಮಿನಿಯಂ ಕುಕ್ಕರ್ ಅಟ್ಟ ಸೇರಿತು. ಚಿಕ್ಕಪೇಟೆಗೆ ಪಾತ್ರೆ ತರಲು ಹೋಗುವಾಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತ ಒಂದನ್ನು ಜೇಬಿಗೆ ಹಾಕಿಕೊಳ್ಳಿ. ಸ್ಟೀಲ್ ಅಂದ ಮಾತ್ರಕ್ಕೆ ಎಲ್ಲದಕ್ಕೂ ಅದು ಕಚ್ಚುವುದಿಲ್ಲ.

ಮುದ್ದೆಯ ಬಗ್ಗೆ ಹೇಳದಿದ್ದರೆ ಮಂಡ್ಯದವನು ಅಂತ ಹೇಳಿಕೊಳ್ಳುವ ಯೋಗ್ಯತೆ ನನಗಿಲ್ಲ. ಹಿಟ್ಟು ಬೇಯುವವರೆಗೆ ಎಲ್ಲಾ ಚೆನ್ನಾಗಿಯೇ ಇರುತ್ತದೆ. ತೊಳಸುವಾಗ ಶುರು. ಊರಲ್ಲಾದರೆ ಕವೆಗೋಲು ಕೊಟ್ಟು ಪಾತ್ರೆಯನ್ನು ಅದುಮಿ ಹಿಡಿಯುತ್ತಾರೆ. ಇಲ್ಲಿ ನುಣ್ಣನೆ ಗಾಜಿನ ಮೇಲೆ ಪಾತ್ರೆ ನಿಲ್ಲುವುದೇ ಇಲ್ಲ, ಕೋಲಿನ ಜೊತೆ ತಾನೂ ತಿರುಗುತ್ತದೆ. ಸ್ವಲ್ಪ ಮೇಲೆದ್ದರೆ ಬೀಪ್, ಪಕ್ಕಕ್ಕೆ ಸರಿದರೆ ಬೀಪ್. ಈಗ ಪಾತ್ರೆಯನ್ನು ನೆಲಕ್ಕೆ ಇಳಿಸಿ, ಕೆಳಗೆ ಒದ್ದೆ ಬಟ್ಟೆ ಹಾಸಿ, ತಮ್ಮ ಎರಡೂ ಕಡೆ ಬಟ್ಟೆಯಲ್ಲಿ ಹಿಡಿದುಕೊಂಡು ಕೂರುತ್ತಾನೆ, ನಾನು ತೊಳಸುತ್ತೇನೆ. ಗಂಟಿಲ್ಲದ ಮುದ್ದೆ ಬರುತ್ತದೆ. ಅವನಿಗೆ ನೈಟ್ ಶಿಫ್ಟ್ ಇದ್ದ ವಾರ ರಾತ್ರಿ ಮುದ್ದೆ ಇಲ್ಲ, ಅಷ್ಟೇ.

ಇಷ್ಟೆಲ್ಲ ಬೈದರೂ ಈ ಸೆಟ್ಟನ್ನು ನಾನು ಮಾರಿಲ್ಲ. ಕಾರಣ ರೈಸ್ ಕುಕ್ಕರ್. ತರುವಾಗ ಅದರ ಮೇಲೆ ಆಸೆಯೇ ಇರಲಿಲ್ಲ, ಅನ್ನಕ್ಕೊಂದು ಇರಲಿ ಅಂತ ತಂದದ್ದು. ಒಂದೇ ಒಂದು ಸ್ವಿಚ್ಚು. ಬೀಪ್ ಇಲ್ಲ, ಪ್ಯಾನೆಲ್ ಇಲ್ಲ. ಸೋನಾ ಮಸೂರಿ ಒಂದು ಲೋಟಕ್ಕೆ ಎರಡೂವರೆ ಲೋಟ ನೀರು, ಅಕ್ಕಿ ತೊಳೆದು ಹತ್ತು ನಿಮಿಷ ನೆನೆಸಿ, ಪಾತ್ರೆಯ ಹೊರಗಿನ ತಳವನ್ನು ಚೆನ್ನಾಗಿ ಒರೆಸಿ ಕೂರಿಸಿ ಸ್ವಿಚ್ ಒತ್ತಿದರೆ ಮುಗಿಯಿತು. ನೀರು ಇರುವವರೆಗೆ ಪಾತ್ರೆಯ ತಳ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನೀರು ಇಂಗಿದ ಮೇಲೆ ಬಿಸಿ ಅದನ್ನು ದಾಟುತ್ತದೆ. ಕೆಳಗಿರುವ ಪುಟ್ಟ ಆಯಸ್ಕಾಂತದ ಬಿಲ್ಲೆ ಆ ಬಿಸಿಗೆ ಹಿಡಿತ ಬಿಡುತ್ತದೆ, ಸ್ಪ್ರಿಂಗ್ ಎಳೆಯುತ್ತದೆ, ಟಕ್. ಸ್ವಿಚ್ಚು ತಾನೇ 'ವಾರ್ಮ್'ಗೆ ಬೀಳುತ್ತದೆ. ಎಷ್ಟು ಸರಳ ನೋಡಿ.

ಒಂದು ಭಾನುವಾರ ಇಂಡಕ್ಷನ್ ಮೇಲೆ ಕುಕ್ಕರ್ ಕೂಗುತ್ತಿತ್ತು, ಟೊಮೆಟೊ ಗೊಜ್ಜಿಗೆ ಜಾಗ ಇರಲಿಲ್ಲ. ರೈಸ್ ಕುಕ್ಕರ್‌ನಲ್ಲೇ ಎಣ್ಣೆ ಹಾಕಿ ಈರುಳ್ಳಿ ಬಾಡಿಸಿದೆ, ಟೊಮೆಟೊ ಸುರಿದೆ, ಮುಚ್ಚಳ ಓರೆ ಮಾಡಿ ಬಿಟ್ಟೆ. ನನ್ನದು 400 ವಾಟಿನದು. ಆ 400 ವಾಟ್ ಎಲ್ಲೂ ನಿಲ್ಲದೆ, ಎಲ್ಲೂ ಏರದೆ ಒಂದೇ ಸಮನೆ ಬರುತ್ತದೆ. ಗೊಜ್ಜು ಪುಳಕ್ ಪುಳಕ್ ಅಂತ ಕುದಿಯುತ್ತಾ ಅರ್ಧ ಗಂಟೆಯಲ್ಲಿ ಅಂಚಿಗೆ ಎಣ್ಣೆ ಬಿಟ್ಟಿತು. ತಳ ಹಿಡಿಯಲಿಲ್ಲ. ನಾನು ಹುಡುಕುತ್ತಿದ್ದ ಸಣ್ಣ ಉರಿ ಪಕ್ಕದ ಡಬ್ಬದಲ್ಲೇ ಕೂತಿತ್ತು! ಅವತ್ತಿನಿಂದ ಪಾಯಸ, ಹುಳಿ, ಗೊಜ್ಜು ಎಲ್ಲಾ ಅದರಲ್ಲೇ. ಬಿಸಿಬೇಳೆಬಾತ್ ಕೂಡ ಬರುತ್ತದೆ. ತೊಗರಿಬೇಳೆ ಒಂದು ಗಂಟೆ ನೆನೆದಿರಬೇಕು, ಹುಣಸೆರಸ ಬೇಳೆ ಪೂರ್ತಿ ಬೆಂದ ಮೇಲೆಯೇ ಹಾಕಬೇಕು. ಹುಳಿ ಮೊದಲೇ ಬಿದ್ದರೆ ಬೇಳೆ ಬೇಯುವುದಿಲ್ಲ. ಗಟ್ಟಿ ಪದಾರ್ಥ ಮಾಡುವಾಗ ನಡುವೆ ಒಮ್ಮೆಯಾದರೂ ಕೈಯಾಡಿಸಿ, ಇಲ್ಲವಾದರೆ ನೀರು ಇಂಗಿತು ಅಂದುಕೊಂಡು ಬೇಗನೆ ಟಕ್ ಅನ್ನುತ್ತದೆ. ಹಾಲಿಗೆ ಮಾತ್ರ ಇನ್ನೂ ಇಂಡಕ್ಷನ್ನೇ, ಬೆಳಿಗ್ಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ನನಗಿಲ್ಲ. ಆದರೆ ಕೆಳಗೆ ಕಬ್ಬಿಣದ ಚಪ್ಪಟೆ ಕಾವಲಿ ಇಟ್ಟು ಅದರ ಮೇಲೆ ಪಾತ್ರೆ ಇಡುತ್ತೇನೆ. ಗುಂಯ್ ಅಂದಾಗಿನ ಬಿಸಿಯನ್ನು ಕಾವಲಿ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಉಕ್ಕುವುದು ಬಹಳ ಕಮ್ಮಿಯಾಗಿದೆ.

ಕೆಟಲ್ ಬಗ್ಗೆ ಹೇಳಲು ಏನೂ ಇಲ್ಲ. ನೀರು ಕಾಯಿಸುತ್ತದೆ.

ಖರ್ಚಿನ ಮಾತು. ಇಬ್ಬರ ಅಡುಗೆಗೆ ತಿಂಗಳಿಗೆ 40 ಯೂನಿಟ್ ಹತ್ತಿರ ಹೋಗುತ್ತದೆ. ಯೂನಿಟ್‌ಗೆ ಆರು ರೂಪಾಯಿ ಲೆಕ್ಕ ಹಿಡಿದರೂ 240. ಮನೆಯ 14.2 ಕೆಜಿ ಸಿಲಿಂಡರ್ ಎಂಟುನೂರರ ಮೇಲಿದೆ, ನಮ್ಮಿಬ್ಬರಿಗೆ ಎರಡು ಮೂರು ತಿಂಗಳು ಬರಬಹುದು. ಅಲ್ಲಿಗೆ ದೊಡ್ಡ ವ್ಯತ್ಯಾಸವೇನಿಲ್ಲ. ಗೃಹಜ್ಯೋತಿ ಇದೆಯಲ್ಲ, ಎಲ್ಲಾ ಫ್ರೀ ಅಂತ ಅಂದುಕೊಳ್ಳಬೇಡಿ. 200 ಯೂನಿಟ್ ಅನ್ನುವುದು ಮೇಲಿನ ಮಿತಿ. ನಮ್ಮ ಮೀಟರ್‌ಗೆ ಸಿಗುವುದು 2022-23ರಲ್ಲಿ ಅದು ಓಡಿದ ಸರಾಸರಿ, ಅದರ ಮೇಲೆ ಸ್ವಲ್ಪ ಹೆಚ್ಚುವರಿ, ಅಷ್ಟೇ. ಆ ವರ್ಷ ಈ ರೂಮಿನಲ್ಲಿದ್ದವರು ಹೊರಗೆ ಊಟ ಮಾಡುತ್ತಿದ್ದರೋ ಏನೋ, ಮೀಟರ್ ಹೆಚ್ಚು ಓಡಿರಲಿಲ್ಲ. ಹೀಗೆ ನಮ್ಮ ಪಾಲಿಗೆ ಬಂದ ಮಿತಿಯನ್ನು ದಾಟಿದ ಯೂನಿಟ್‌ಗಳಿಗೆ ನಾವು ಪ್ರತಿ ತಿಂಗಳೂ ದುಡ್ಡು ಕಟ್ಟುತ್ತೇವೆ. ಅವರ ಹೋಟೆಲ್ ಊಟದ ಬಿಲ್ಲಿನ ಬಾಕಿ ನಮ್ಮ ತಲೆಗೆ!

ಇನ್ನು ಗೀಸರ್ ಆನ್ ಇರುವಾಗ ಇಂಡಕ್ಷನ್ ಹಚ್ಚಬೇಡಿ, ನಮ್ಮನೆಯಲ್ಲಿ ಎಂಸಿಬಿ (ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಸ್ವಿಚ್ಚು) ಬೀಳುತ್ತದೆ. ಒಲೆಗೆ 16 ಆಂಪ್ ಪಾಯಿಂಟ್ ಇದೆಯಾ ಅಂತ ರೂಮು ನೋಡುವಾಗಲೇ ನೋಡಿಕೊಳ್ಳಿ. ಏಪ್ರಿಲ್, ಮೇ ಸಂಜೆಗಳಲ್ಲಿ ಮಳೆ ಗಾಳಿಗೆ ಕರೆಂಟ್ ಹೋದರೆ ಅಡುಗೆಯೂ ಹೋಯಿತು. ಮನೆಯ ಯುಪಿಎಸ್ ಈ ಒಲೆಯನ್ನು ಹೊರುವುದಿಲ್ಲ. ಅವತ್ತು ಕೆಳಗಿನ ದರ್ಶಿನಿಯೇ ದೇವರು.

ರೈಸ್ ಕುಕ್ಕರ್‌ಗೆ ಐದಕ್ಕೆ ಐದು. ಒಲೆಗೆ ಎರಡೂವರೆ, ಅದೂ ನೀರು ಬೇಗ ಕಾಯಿಸುವುದಕ್ಕೆ. ಹೊಸದು ಕೊಳ್ಳುವವರು ಅಂಗಡಿಯಲ್ಲೇ ಒಂದು ಪಾತ್ರೆ ನೀರು ಇಡಿಸಿ. ಕುದಿ ಬಂದ ಮೇಲೆ 300ಕ್ಕೆ ಇಳಿಸಿ ಅನ್ನಿ, ಒಂದು ನಿಮಿಷ ನಿಂತು ನೋಡಿ. ಕುದಿ ನಿಂತು ನಿಂತು ಬಂದರೆ ಅದೂ ನಮ್ಮನೆ ಒಲೆಯ ಜಾತಿಯೇ, ಮುಂದಿನ ಮಾಡೆಲ್ ತೋರಿಸಿ ಅನ್ನಿ.