ನಿದ್ದೆ ಕಾಯುವ ಕ್ಯಾಮೆರಾ: 14 ತಿಂಗಳು ಬಳಸಿದ ಮೇಲೆ

ನಮ್ಮ ಲಾರಿಯ ಡ್ಯಾಶ್‌ಬೋರ್ಡ್ ಮೇಲೆ ಈ ಕ್ಯಾಮೆರಾ ಕೂತು 14 ತಿಂಗಳಾಯಿತು. ಅಂಗೈಗಿಂತ ಚಿಕ್ಕದು. ಸೀಟಿನ ಕೆಳಗೆ ಗಡಗಡ ನಡುಗುವ ಒಂದು ಮೋಟಾರು ಬೇರೆ. ಮೊದಲ ವಾರದ ಕಾಟಕ್ಕೆ ಅದರ ಮೇಲೆ ಟವೆಲ್ ಹಾಕಿ ಮುಚ್ಚಿಬಿಟ್ಟಿದ್ದೆ. ಎರಡು ನಿಮಿಷವೂ ಆಗಿರಲಿಲ್ಲ, ಮಾಲೀಕರ ಫೋನ್ ಬಂತು. ಮುಚ್ಚಿದರೆ ಅದು ಚಾಡಿ ಹೇಳುತ್ತದೆ ಅಂತ ಆಗಲೇ ಗೊತ್ತಾಗಿದ್ದು.

ಕೆಲಸ ಸರಳ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಮುಖದ ಮೇಲೆ ಬಿಡುತ್ತದೆ, ಹಾಗಾಗಿ ಕತ್ತಲಲ್ಲೂ ಕಣ್ಣು ಅದಕ್ಕೆ ಕಾಣುತ್ತದೆ. ರೆಪ್ಪೆ ಐದರಲ್ಲಿ ನಾಲ್ಕು ಭಾಗಕ್ಕಿಂತ ಜಾಸ್ತಿ ಮುಚ್ಚಿಕೊಂಡು ಎಷ್ಟು ಹೊತ್ತು ಇತ್ತು ಅಂತ ಲೆಕ್ಕ ಇಡುತ್ತದೆ. ಲೆಕ್ಕ ಮೀರಿದರೆ ಸೀಟು ನಡುಗುತ್ತದೆ, ಕೂಗು ಬರುತ್ತದೆ.

ಸುಳ್ಳು ಕೂಗು ಇಲ್ಲವೇ? ಬೇಕಾದಷ್ಟಿದೆ. ಜೋರಾಗಿ ಹಾಡಿದರೆ ಆಕಳಿಕೆ ಅನ್ನುತ್ತದೆ. ರಿವರ್ಸ್ ತೆಗೆಯುವಾಗ ಕನ್ನಡಿ ನೋಡಿದರೆ ಗಮನ ಇಲ್ಲ ಅನ್ನುತ್ತದೆ. ಸಂಜೆ ಬಿಸಿಲು ಎದುರಿಗೆ ಬಿದ್ದು ಕಣ್ಣು ಕಿರಿದು ಮಾಡಿದರೂ ಕಷ್ಟ. ಕೆಲವು ಕಪ್ಪು ಕನ್ನಡಕ ಹಾಕಿದರೆ ಅದಕ್ಕೆ ಏನೂ ಕಾಣುವುದೇ ಇಲ್ಲ. ಆಕಳಿಕೆ ಎಚ್ಚರಿಕೆಯನ್ನು ಮೂರನೇ ತಿಂಗಳಲ್ಲಿ ಆಫ್ ಮಾಡಿಸಿದೆ. ಅಲ್ಲಿಂದ ಸ್ವಲ್ಪ ನೆಮ್ಮದಿ.

ಆದರೆ ಒಂದು ರಾತ್ರಿ ಮೂರೂವರೆ ಹೊತ್ತಿಗೆ ಸೀಟು ನಡುಗಿತು. ನಾನು ‘ಎದ್ದೇ ಇದ್ದೀನಲ್ಲ ಮಾರಾಯಾ’ ಅಂತ ಅದಕ್ಕೆ ಬೈದೆ. ಬೆಳಗ್ಗೆ ವಿಡಿಯೋ ನೋಡಿದರೆ ಕಣ್ಣು ಪೂರ್ತಿ ಮುಚ್ಚಿದೆ, ತಲೆ ವಾಲಿದೆ. ಮೂರ್ನಾಲ್ಕು ಸೆಕೆಂಡು. ಗಂಟೆಗೆ 80 ಕಿಲೋಮೀಟರ್ ಓಟದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಅಂದರೆ ಸುಮಾರು 80 ಮೀಟರ್ ಲಾರಿ ತಾನೇ ಓಡಿದೆ, ನನಗೆ ಅದರ ನೆನಪೇ ಇಲ್ಲ. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದವನು, ಜೊಂಪು ಹತ್ತಿದರೆ ನನಗೆ ಗೊತ್ತಾಗುತ್ತೆ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ. ಆವತ್ತೇ ಕೊನೆ.

ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಮಾತ್ರ ಕೂಗಲ್ಲ, ಅದು ಬರೆದಿಡುವ ಪಟ್ಟಿ. ಆರು ತಿಂಗಳ ಪಟ್ಟಿ ಮುಂದಿಟ್ಟುಕೊಂಡು ಕೂತಾಗ ಎಚ್ಚರಿಕೆಗಳೆಲ್ಲ ಎರಡೇ ಕಡೆ ಗುಂಪಾಗಿದ್ದವು. ಬೆಳಗಿನ ಜಾವ ಎರಡರಿಂದ ಆರು, ಮಧ್ಯಾಹ್ನ ಎರಡರಿಂದ ನಾಲ್ಕು. ಮೈಯೊಳಗಿನ ಗಡಿಯಾರ ಮಲಗು ಅನ್ನುವ ಹೊತ್ತು ಇವೇ. ಹಗಲೆಲ್ಲ ಲೋಡ್ ಹತ್ತಿಸಲು ಕಾದು ರಾತ್ರಿ ಹೊರಟ ದಿನ ಇನ್ನೂ ಜಾಸ್ತಿ. ಎದ್ದು 17 ಗಂಟೆ ಆದವನ ಮೈ, ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವನ ಹಾಗೆ ನಿಧಾನ ಆಗುತ್ತದಂತೆ. ಕುಡಿದು ಓಡಿಸಬೇಡ ಅನ್ನುತ್ತಾರೆ, ನಿದ್ದೆಗೆಟ್ಟು ಹೊರಡು ಅನ್ನುವುದು ಮಾತ್ರ ನಡೆಯುತ್ತೆ, ಅಲ್ವಾ?

ಪಟ್ಟಿ ನೋಡಿ ಮಾಲೀಕರೇ ಹೊರಡುವ ಹೊತ್ತು ಬದಲಾಯಿಸಿದರು. ಯುರೋಪಿನ ಕಾನೂನಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಬೇಕು. ಆ ಲೆಕ್ಕವನ್ನೇ ನಾವೂ ಹಿಡಿದೆವು. ಕಣ್ಣು ಎಳೆದರೆ ಗಾಡಿ ಬದಿಗೆ ಹಾಕಿ ಒಂದು ಕಾಫಿ ಕುಡಿದು ಕೂಡಲೇ 20 ನಿಮಿಷ ಮಲಗುತ್ತೇನೆ. ಕಾಫಿ ಮೈಗೆ ಹತ್ತುವ ಹೊತ್ತಿಗೆ ಎಚ್ಚರ ಆಗಿರುತ್ತದೆ. ಕಿಟಕಿ ಇಳಿಸುವುದು, ಮುಖಕ್ಕೆ ನೀರು, ಇವೆಲ್ಲ ಹತ್ತು ನಿಮಿಷದ ಆಟ.

ನನ್ನ ಜೊತೆಯ ಡ್ರೈವರ್ ಕಥೆ ಬೇರೆ. ಅವನು ಎಂಟು ಗಂಟೆ ಮಲಗಿ ಎದ್ದರೂ ಬೆಳಗ್ಗೆ ಹತ್ತಕ್ಕೇ ಸೀಟು ನಡುಗುತ್ತಿತ್ತು. ‘ಅಣ್ಣಾ, ಇದಕ್ಕೆ ನನ್ನ ಮುಖ ಕಂಡರೆ ಆಗಲ್ಲ’ ಅನ್ನುತ್ತಿದ್ದ. ಅವನ ಮುಖಕ್ಕೆ ಕ್ಯಾಮೆರಾವನ್ನು ಮತ್ತೆ ಹೊಂದಿಸಿದೆವು, ಅದರ ಜಾಗ ಬದಲಿಸಿದೆವು. ಏನೂ ಆಗಲಿಲ್ಲ. ಆಮೇಲೆ ಅವನ ಗೊರಕೆ ನೆನಪಾಯಿತು, ಕ್ಯಾಬಿನ್ ಅದುರುವ ಗೊರಕೆ. ಡಾಕ್ಟರ್ ಹತ್ತಿರ ಹೋದರೆ ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುತ್ತದೆ, ಮಲಗಿದರೂ ನಿದ್ದೆ ಸಾಲುವುದಿಲ್ಲ. ಈಗ ಮುಖಕ್ಕೆ ಗಾಳಿ ಒತ್ತುವ ಮೆಷಿನ್ ಹಾಕಿಕೊಂಡು ಮಲಗುತ್ತಾನೆ. ಎಚ್ಚರಿಕೆ ಈಗ ಅಪರೂಪ.

ಬೇಸರ ಎರಡು. ಕಣ್ಣು ತೆರೆದಿದ್ದೂ ಮನಸ್ಸು ಎಲ್ಲೋ ಹೋಗಿರುತ್ತದಲ್ಲ, ಆ ದಣಿವು ಇದಕ್ಕೆ ಸಿಗುವುದೇ ಇಲ್ಲ. ಎರಡನೆಯದು ದೊಡ್ಡದು. ನಮ್ಮ ಮುಖದ ವಿಡಿಯೋ ಆಫೀಸಿಗೆ ಹೋಗುತ್ತದೆ, ನಮಗೆ ನೋಡಬೇಕಾದರೆ ಅವರನ್ನು ಕೇಳಬೇಕು. ಒಮ್ಮೆ ಸುಳ್ಳು ಎಚ್ಚರಿಕೆಗೇ ನನ್ನ ಬೋನಸ್ ಹಿಡಿದಿದ್ದರು. ವಿಡಿಯೋ ತೆಗೆಸಿ ತೋರಿಸಿದ ಮೇಲೆ ಕೊಟ್ಟರು. ಐದರಲ್ಲಿ ಒಂದು ಸ್ಟಾರ್ ಅದಕ್ಕೇ ಕಟ್.

ಮುಂದಿನ ತಿಂಗಳು ಚಂದಾ ಮುಗಿಯುತ್ತದೆ. ಮುಂದುವರಿಸಿ ಅಂತ ನಾನೇ ಮಾಲೀಕರಿಗೆ ಹೇಳಿದ್ದೇನೆ. ಆದರೆ ಆಫೀಸಿಗೆ ಹೋಗುವ ವಿಡಿಯೋ ಅದೇ ಹೊತ್ತಿಗೆ ನನ್ನ ಫೋನಿಗೂ ಬರಬೇಕು ಅಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.